ಶೇಕಡ ಎಂಟರ ಬಡ್ಡಿ: ಬಿಲ್ ಡೇನಿಯಲ್ಸ್ ಅವರನ್ನು ನೆನೆದು

(ಶಿವಮೊಗ್ಗದಲ್ಲಿ ನಿವೃತ್ತ ಬ್ಯಾಂಕ್ ನೌಕರರ ಮಾಸಿಕ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅಂದು ಎರಡು ಸಲ ಕರೆಂಟು ಹೋಗಿ ಮಾತು ತುಂಡಾಗಿತ್ತು. ಆಗ ಕೈಬಿಟ್ಟ ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಸ್ನೇಹಿತರೇ,

ಬ್ಯಾಂಕಿಂಗ್ ಕ್ಷೇತ್ರದ ಹಿರಿಯರೊಬ್ಬರ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದ್ದರು. ಅವರ ಮನಸ್ಸಿನಲ್ಲಿ ನಮ್ಮ ಕರಾವಳಿಯ ದೊಡ್ಡವರು ಯಾರಾದರೂ ಇದ್ದಿರಬೇಕು. ನಾನು ಆರಿಸಿಕೊಂಡ ಬಿಲ್ ಡೇನಿಯಲ್ಸ್ ಅಮೆರಿಕದವರು, ಮೇಲಾಗಿ ಬ್ಯಾಂಕಿನವರೂ ಅಲ್ಲ. ವಿಮೆ ಮಾರಿದವರು, ಯುದ್ಧವಿಮಾನ ಹಾರಿಸಿದವರು, ಊರೂರಿಗೆ ಕೇಬಲ್ ಟಿವಿ ಎಳೆದವರು, ಬಾಸ್ಕೆಟ್‌ಬಾಲ್ ತಂಡ ಕೊಂಡು ಕೈ ಸುಟ್ಟುಕೊಂಡವರು. ನಾಲ್ಕು ಸಲ ಮದುವೆಯಾದವರು, ಕುಡಿತಕ್ಕೆ ಸಿಕ್ಕಿ ಹೊರಬಂದವರು. ಒಟ್ಟಿನಲ್ಲಿ ಶಾಲೆಯ ಗೋಡೆಗೆ ಫೋಟೊ ಹಾಕಲು ಮುಖ್ಯೋಪಾಧ್ಯಾಯರು ಸ್ವಲ್ಪ ಯೋಚಿಸಬೇಕಾದಂಥ ವ್ಯಕ್ತಿ. ಆದರೂ ಸಾಲ ಎಂದರೇನು ಎಂಬುದು ಮೂವತ್ನಾಲ್ಕು ವರ್ಷ ಸಾಲ ಕೊಟ್ಟು ವಸೂಲು ಮಾಡಿದ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರನ್ನು ಆರಿಸಿಕೊಂಡೆ.

ಮೊದಲು ನನ್ನದೊಂದು ತಪ್ಪೊಪ್ಪಿಗೆ. 1992ರಲ್ಲಿ ನಾನು ಒಂದು ತಾಲ್ಲೂಕು ಕೇಂದ್ರದ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಹುಡುಗನೊಬ್ಬ ಸಾಲ ಕೇಳಿಕೊಂಡು ಬಂದ. ಊರಿಗೆ ಕೇಬಲ್ ಹಾಕುತ್ತಾನಂತೆ. ಡಿಶ್, ಆಂಪ್ಲಿಫೈಯರ್, ತಂತಿ ಎಲ್ಲದರ ಲೆಕ್ಕ ಬರೆದು ತಂದಿದ್ದ, ಲೆಕ್ಕ ಶುದ್ಧವಾಗಿತ್ತು. ಅಡಮಾನಕ್ಕೆ ಏನಿದೆ ಎಂದು ಕೇಳಿದೆ. "ಕೇಬಲ್ಲೇ ಇದೆ ಸಾರ್" ಎಂದ. ಕೇಬಲ್ ಎಲ್ಲಿರುತ್ತದೆ? ಕಂಬದ ಮೇಲೆ. ಕಂಬ ಯಾರದು? ವಿದ್ಯುತ್ ಮಂಡಳಿಯದು. ನಾಳೆ ಬೆಳಗ್ಗೆ ಲೈನ್‌ಮನ್ ಬಂದು ಕತ್ತರಿಸಿ ಬಿಸಾಡಿದರೆ ನನ್ನ ಸಾಲದ ಗತಿ ಏನು? ಹುಡುಗ ಸುಮ್ಮನೆ ನಿಂತ. ಅರ್ಜಿಯನ್ನು ವಾಪಸ್ಸು ಕೊಟ್ಟೆ. ಅಂದು ಸಂಜೆ ಬಹಳ ಜಾಣತನ ಮಾಡಿದೆ ಅಂದುಕೊಂಡು ಮನೆಗೆ ಹೋದೆ.

ಎಷ್ಟೋ ವರ್ಷಗಳ ಮೇಲೆ, ನಿವೃತ್ತನಾಗಿ, ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಮೊಮ್ಮಗಳು ಒಂದು ದಿನ "ಅಜ್ಜ, ನನ್ನ ಬ್ಯಾಂಕಿಗೆ ಬಾ" ಎಂದು ಕರೆದಳು. ನನ್ನ ಬ್ಯಾಂಕ್! ಆಟದ ಮಾತು ಇರಬೇಕು ಅಂದುಕೊಂಡೆ. ಚೆರಿ ಕ್ರೀಕ್ ಎಂಬ ಬಡಾವಣೆಯಲ್ಲಿ ನಿಜವಾದ ಬ್ಯಾಂಕೇ ಇತ್ತು. ಹೆಸರು ಯಂಗ್ ಅಮೆರಿಕನ್ಸ್ ಬ್ಯಾಂಕ್. ಪರವಾನಗಿ ಪಡೆದ, ಠೇವಣಿಗೆ ವಿಮೆ ಇರುವ ಬ್ಯಾಂಕ್, ಆದರೆ ಗ್ರಾಹಕರು ಮಾತ್ರ ಇಪ್ಪತ್ತೆರಡು ತುಂಬದವರು. ಕೌಂಟರಿನ ಮುಂದೆ ಚಿಕ್ಕವರು ಹತ್ತಿ ನಿಲ್ಲಲು ಮೆಟ್ಟಿಲು. ನನ್ನ ಮೊಮ್ಮಗಳು ತಾನೇ ಚೀಟಿ ತುಂಬಿ, ನಾಲಗೆ ಕಚ್ಚಿಕೊಂಡು ಸಹಿ ಮಾಡಿ, ಹುಟ್ಟುಹಬ್ಬಕ್ಕೆ ಬಂದ ಹಣವನ್ನು ಕಟ್ಟಿದಳು. ಕೌಂಟರಿನಲ್ಲಿದ್ದ ಹೆಂಗಸು ಅವಳ ಜೊತೆ ಮಾತನಾಡಿದರೇ ಹೊರತು ಪಕ್ಕದಲ್ಲಿ ನಿಂತಿದ್ದ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಖಾತೆದಾರರು ಯಾರು ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಇದನ್ನು ಶುರು ಮಾಡಿದ ಬ್ಯಾಂಕರ್ ಯಾರು ಎಂದು ಮಗಳನ್ನು ಕೇಳಿದೆ. "ಬ್ಯಾಂಕರ್ ಅಲ್ಲ ಅಪ್ಪ, ಕೇಬಲ್ ಟಿವಿಯವರು" ಎಂದಳು. ನನಗೆ ಆ ರೇಡಿಯೊ ರಿಪೇರಿ ಹುಡುಗನ ಮುಖ ನೆನಪಾಯಿತು. ಬಿಲ್ ಡೇನಿಯಲ್ಸ್ ಅವರ ಹಿಂದೆ ಬಿದ್ದದ್ದು ಅಲ್ಲಿಂದ.

ಅವರು ಹುಟ್ಟಿದ್ದು 1920ರ ಜುಲೈ 1ರಂದು, ಕೊಲೊರಾಡೊ ರಾಜ್ಯದ ಗ್ರೀಲಿ ಎಂಬ ಊರಿನಲ್ಲಿ. ತಂದೆ ವಿಮೆಯ ವ್ಯವಹಾರದವರು. ಆರ್ಥಿಕ ಕುಸಿತದ ಕಾಲದಲ್ಲಿ ಮನೆ ಊರಿಂದೂರಿಗೆ ಸರಿದು ಕೊನೆಗೆ ನ್ಯೂ ಮೆಕ್ಸಿಕೊದ ಹಾಬ್ಸ್‌ನಲ್ಲಿ ನೆಲೆ ನಿಂತಿತು. ಹುಡುಗ ಹೊಡೆದಾಟದವನು. ಅದೇ ರಾಜ್ಯದ ರಾಸ್ವೆಲ್‌ನ ಸೈನಿಕ ಶಾಲೆಗೆ ಹಾಕಿದ ಮೇಲೆ ಹೊಡೆದಾಟ ಬಾಕ್ಸಿಂಗ್ ಆಯಿತು, ಆ ರಾಜ್ಯದ ಗೋಲ್ಡನ್ ಗ್ಲವ್ಸ್ ಪ್ರಶಸ್ತಿಯೂ ಬಂತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಯುದ್ಧವಿಮಾನ ಚಾಲಕ. ಇಂಟ್ರೆಪಿಡ್ ಎಂಬ ವಿಮಾನವಾಹಕ ಹಡಗಿಗೆ ಜಪಾನಿ ಆತ್ಮಾಹುತಿ ವಿಮಾನ ಬಡಿದಾಗ ಗಾಯಾಳುಗಳನ್ನು ಹೊರತೆಗೆದುದಕ್ಕೆ ಪದಕ ಸಿಕ್ಕಿತು. ಮತ್ತೆ ಕೊರಿಯಾ ಯುದ್ಧಕ್ಕೂ ಕರೆ ಬಂತು. ಆ ಸೈನಿಕ ಶಾಲೆಯೇ ತನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂಬ ಭಾವನೆ ಅವರಿಗೆ ಕೊನೆಯವರೆಗೂ ಇತ್ತು. ಈ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1952. ಯುದ್ಧ ಮುಗಿಸಿ ಬಂದ ಡೇನಿಯಲ್ಸ್ ವಯೋಮಿಂಗ್ ರಾಜ್ಯದ ಕ್ಯಾಸ್ಪರ್‌ನಲ್ಲಿ ತೈಲ ಉದ್ಯಮಕ್ಕೆ ವಿಮೆ ಮಾರುವ ಕಚೇರಿ ತೆರೆಯಲು ಹೊರಟಿದ್ದರು. ದಾರಿಯಲ್ಲಿ ಡೆನ್ವರ್‌ನ ಮರ್ಫೀಸ್ ಎಂಬ ಬಾರ್‌ನಲ್ಲಿ ಕುಳಿತಾಗ ಅಲ್ಲಿ ಒಂದು ಪೆಟ್ಟಿಗೆಯಲ್ಲಿ ಬುಧವಾರ ರಾತ್ರಿಯ ಬಾಕ್ಸಿಂಗ್ ಬರುತ್ತಿತ್ತು. ಮೂವತ್ತೆರಡು ವರ್ಷದ, ಎರಡು ಯುದ್ಧ ನೋಡಿದ ಮನುಷ್ಯ ಮೊದಲ ಸಲ ಟಿವಿ ನೋಡಿದ್ದು ಹಾಗೆ.

ಅಮೆರಿಕದಲ್ಲಿ 1952ರ ತನಕ ಟಿವಿ ನೋಡದವರು ಇದ್ದರೇ ಎಂದು ನಿಮಗೆ ಅನ್ನಿಸಬಹುದು. ಇದ್ದರು. ಹೊಸ ಟಿವಿ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನು ಅಲ್ಲಿನ ಸರ್ಕಾರ 1948ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತ್ತು. ಒಂದು ಕೇಂದ್ರದ ಅಲೆಗಳು ಇನ್ನೊಂದರ ಮೇಲೆ ಬಿದ್ದು ಚಿತ್ರ ಕಲಸಿಹೋಗುತ್ತಿದ್ದವು, ಯಾವ ಊರಿಗೆ ಯಾವ ಚಾನೆಲ್ ಎಂದು ಹೊಸದಾಗಿ ಹಂಚಬೇಕಾಗಿತ್ತು. ಆರು ತಿಂಗಳ ಕೆಲಸ ಎಂದು ಶುರುವಾದದ್ದು ಸರ್ಕಾರಿ ಕೆಲಸದ ಸ್ವಭಾವಕ್ಕೆ ತಕ್ಕಂತೆ ಮೂರೂವರೆ ವರ್ಷ ಹಿಡಿಯಿತು. 1952ರ ಏಪ್ರಿಲ್‌ನಲ್ಲಿ ತಡೆ ತೆರವಾಯಿತು, ಜುಲೈನಲ್ಲಿ ಡೆನ್ವರ್‌ಗೆ ಮೊದಲ ಕೇಂದ್ರ ಬಂತು. ತಡೆ ತೆಗೆದ ಮೇಲೆ ಇಡೀ ದೇಶದಲ್ಲಿ ಶುರುವಾದ ಮೊದಲ ಕೇಂದ್ರವೇ ಅದು. ಡೆನ್ವರ್‌ನಂಥ ನಗರದ ಪಾಡು ಇದಾದರೆ ಇಪ್ಪತ್ನಾಲ್ಕು ಸಾವಿರ ಜನರ ಕ್ಯಾಸ್ಪರ್‌ನ ಸರದಿ ಯಾವಾಗ ಬರಬೇಕು?

ಕೇಬಲ್ ಹುಟ್ಟಿದ್ದು ಈ ಕಾಯುವಿಕೆಯಿಂದ. ಡೇನಿಯಲ್ಸ್ ಅದನ್ನು ಕಂಡುಹಿಡಿದವರಲ್ಲ. ಆರೆಗಾನ್‌ನ ಅಸ್ಟೋರಿಯಾದಲ್ಲಿ ಎಡ್ ಪಾರ್ಸನ್ಸ್ ಎಂಬವರು 1948ರಲ್ಲೇ ಹೋಟೆಲಿನ ಮಹಡಿಯ ಮೇಲೆ ಆಂಟೆನಾ ನಿಲ್ಲಿಸಿ ಸಿಯಾಟಲ್‌ನ ಚಿತ್ರ ಹಿಡಿದಿದ್ದರು, ಕಾರಣ ಹೆಂಡತಿಗೆ ಟಿವಿ ನೋಡುವ ಆಸೆ. ಪೆನ್ಸಿಲ್ವೇನಿಯಾದ ಗಣಿ ಊರು ಮಹಾನಾಯ್ ಸಿಟಿಯಲ್ಲಿ ಜಾನ್ ವಾಲ್ಸನ್ ಎಂಬ ಅಂಗಡಿಕಾರರಿಗೆ ಬೇರೆಯದೇ ತಾಪತ್ರಯ. ಅಂಗಡಿಯಲ್ಲಿ ಟಿವಿ ಮಾರಾಟಕ್ಕಿದೆ, ಊರಿಗೆ ಬೆಟ್ಟ ಅಡ್ಡ, ಚಿತ್ರವೇ ಬರುವುದಿಲ್ಲ, ಕೊಳ್ಳುವವರು ಯಾರು? ಬೆಟ್ಟದ ತಲೆಗೆ ಆಂಟೆನಾ ಹಾಕಿ ತಂತಿಯನ್ನು ಅಂಗಡಿಯವರೆಗೆ ಎಳೆದರು. ದಾರಿಯುದ್ದದ ಮನೆಗಳವರು ನಮಗೂ ಕೊಡಿ ಎಂದರು. ಯಾರು ಮೊದಲು ಎಂಬ ಜಗಳ ಇನ್ನೂ ತೀರಿಲ್ಲ. ತೀರುವುದೂ ಬೇಡ, ಮೊದಲಿಗರ ಜಗಳವಿಲ್ಲದ ಉದ್ಯಮ ಯಾವುದಿದೆ?

ಬೆಟ್ಟದ ಊರುಗಳಲ್ಲಿ ಅಲೆ ಬಂದು ಬೆಟ್ಟದ ಆಚೆ ನಿಂತಿರುತ್ತದೆ, ಅದನ್ನು ಕೆಳಗೆ ಇಳಿಸಿದರೆ ಸಾಕು. ಕ್ಯಾಸ್ಪರ್‌ನಲ್ಲಿ ಯಾವ ಬೆಟ್ಟ ಹತ್ತಿದರೂ ಚಿತ್ರ ಸಿಕ್ಕುತ್ತಿರಲಿಲ್ಲ. ಡೆನ್ವರ್ ನಾನ್ನೂರು ಕಿಲೋಮೀಟರಿಗೂ ದೂರ. ಅಷ್ಟು ದೂರಕ್ಕೆ ತಂತಿ ಎಳೆಯುವಂತಿಲ್ಲ. ತಂತಿಯಲ್ಲಿ ಹೋಗುತ್ತ ಹೋಗುತ್ತ ಸಂಕೇತ ಸೊರಗುತ್ತದೆ, ಅಲ್ಲಲ್ಲಿ ಆಂಪ್ಲಿಫೈಯರ್ ಇಟ್ಟು ಎತ್ತಬೇಕು, ಪ್ರತಿ ಆಂಪ್ಲಿಫೈಯರ್ ಚಿತ್ರದ ಜೊತೆಗೆ ತನ್ನದೊಂದಿಷ್ಟು ಕಸವನ್ನೂ ಸೇರಿಸುತ್ತದೆ. ನಮ್ಮ ಊರುಗಳಲ್ಲಿ ಕೊನೆಯ ಬೀದಿಯವರ ಟಿವಿಯಲ್ಲಿ ಸದಾ ಮಳೆ ಸುರಿಯುತ್ತಿದ್ದುದು ನಿಮಗೆ ನೆನಪಿರಬಹುದು, ಅದು ಈ ಕಸವೇ. ಡೇನಿಯಲ್ಸ್ ಹಿಡಿದ ದಾರಿ ಮೈಕ್ರೊವೇವ್. ಒಂದು ಗೋಪುರದಿಂದ ಕಣ್ಣಳತೆಯ ಇನ್ನೊಂದು ಗೋಪುರಕ್ಕೆ ಸಂಕೇತವನ್ನು ದಾಟಿಸುತ್ತ ಬಂದು, ಊರು ಮುಟ್ಟಿದ ಮೇಲೆ ತಂತಿಗೆ ಇಳಿಸುವುದು. ದೂರವಾಣಿ ಕಂಪನಿಗೆ ಬಾಡಿಗೆ ಕೊಟ್ಟು ಈ ಕೆಲಸ ಮಾಡಿಸಿಕೊಂಡರು. ತೈಲದ ವ್ಯವಹಾರದ ಪರಿಚಯಸ್ಥರು ಬಂಡವಾಳ ಹಾಕಿದರು. 1953ರ ಕೊನೆಯ ಹೊತ್ತಿಗೆ ಕ್ಯಾಸ್ಪರ್‌ನ ಮನೆಗಳಲ್ಲಿ ಚಿತ್ರ ಮೂಡಿತು. ಮೈಕ್ರೊವೇವ್ ಬಳಸಿದ ಮೊದಲ ಕೇಬಲ್ ವ್ಯವಸ್ಥೆಗಳಲ್ಲಿ ಅದೂ ಒಂದು. ಬರುತ್ತಿದ್ದುದು ಒಂದೇ ಚಾನೆಲ್, ಆದರೂ ಜನ ದುಡ್ಡು ಕೊಟ್ಟು ಹಾಕಿಸಿಕೊಂಡರು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಕೇಬಲ್ ವ್ಯವಹಾರದಲ್ಲಿ ಖರ್ಚೆಲ್ಲ ಮೊದಲು, ವರಮಾನವೆಲ್ಲ ಆಮೇಲೆ. ಕಂಬ, ತಂತಿ, ಗೋಪುರಕ್ಕೆ ಒಂದೇ ಸಲ ದೊಡ್ಡ ಮೊತ್ತ ಸುರಿಯಬೇಕು. ಹಣ ವಾಪಸ್ಸು ಬರುವುದು ತಿಂಗಳು ತಿಂಗಳು ಮನೆ ಮನೆಯಿಂದ ಚಿಲ್ಲರೆಯಾಗಿ. ಸಾಲವಿಲ್ಲದೆ ನಡೆಯದ ವ್ಯವಹಾರ, ಸಾಲ ಕೊಡುವವರಿಗೆ ಅರ್ಥವಾಗದ ವ್ಯವಹಾರ. ಟೆಕ್ಸಸ್‌ನ ಬಾಬ್ ಮ್ಯಾಗ್ನೆಸ್ ಎಂಬವರು 1956ರಲ್ಲಿ ತಮ್ಮ ಮೊದಲ ಕೇಬಲ್ ಹಾಕಲು ದನ ಮಾರಿದರಂತೆ. ಅವರ ಕಂಪನಿ ಟಿಸಿಐ ಮುಂದೆ ಅಮೆರಿಕದ ಅತಿ ದೊಡ್ಡ ಕೇಬಲ್ ಕಂಪನಿಯಾಯಿತು. ದನ ಕೊಂಡವರ ಕಥೆ ಏನಾಯಿತೋ.

ಬ್ಯಾಂಕಿನವರು ಅಲ್ಲಿಯೂ ನನ್ನ ಹಾಗೆಯೇ ಕೇಳುತ್ತಿದ್ದರು. ಅಡಮಾನ ಏನು? ಬೇರೆಯವರ ಕಂಬದ ಮೇಲಿನ ತಂತಿಯೇ? ಡೇನಿಯಲ್ಸ್ 1958ರಲ್ಲಿ ಡೆನ್ವರ್‌ನಲ್ಲಿ ಡೇನಿಯಲ್ಸ್ ಅಂಡ್ ಅಸೋಸಿಯೇಟ್ಸ್ ಎಂಬ ದಲ್ಲಾಳಿ ಸಂಸ್ಥೆ ತೆರೆದರು. ಕೇಬಲ್ ಕೊಳ್ಳುವವರನ್ನೂ ಮಾರುವವರನ್ನೂ ಹಣ ಇರುವವರನ್ನೂ ಒಂದೆಡೆ ಸೇರಿಸುವುದು ಅದರ ಕೆಲಸ. ಅವರ ವಾದ ಸರಳ. ಆಸ್ತಿ ತಂತಿಯಲ್ಲಿಲ್ಲ, ತಂತಿಯ ತುದಿಯಲ್ಲಿರುವ ಮನೆಯಲ್ಲಿದೆ. ತಿಂಗಳು ತಿಂಗಳು ತಪ್ಪದೆ ಕಟ್ಟುವ ಒಂದು ಮನೆಗೆ ಇಷ್ಟು ಬೆಲೆ ಎಂದು ಕಟ್ಟಿ, ಮನೆಗಳನ್ನು ಎಣಿಸಿ, ಗುಣಿಸಿ. ಅದೇ ಆ ಉದ್ಯಮದ ತಕ್ಕಡಿಯಾಯಿತು. ಒಂದು ಉದಾಹರಣೆ: 1974ರಲ್ಲಿ ಗೆರಿ ಲೆನ್‌ಫೆಸ್ಟ್ ಎಂಬವರು ಪೆನ್ಸಿಲ್ವೇನಿಯಾದಲ್ಲಿ 7,600 ಚಂದಾದಾರರಿದ್ದ ಎರಡು ಚಿಕ್ಕ ಕೇಬಲ್ ಕಂಪನಿಗಳನ್ನು 23 ಲಕ್ಷ ಡಾಲರ್‌ಗೆ ಕೊಂಡರು. ಭಾಗಿಸಿ ನೋಡಿ, ಮನೆಗೆ ಸುಮಾರು ಮುನ್ನೂರು ಡಾಲರ್. ಕಾಲು ಶತಮಾನದ ನಂತರ ಅವರ ಚಂದಾದಾರರು ಹತ್ತು ಲಕ್ಷ ದಾಟಿದ್ದರು, ಮಾರಿದ ಹಣದ ಬಹುಪಾಲನ್ನು ಅವರೂ ಹಂಚಿಬಿಟ್ಟರು. ಅವರ ಬಗ್ಗೆ ಇನ್ನೊಂದು ದಿನ.

ತಂತಿ ಎಳೆದವರು ಬಹಳ ಜನ ಇದ್ದರು. ತಂತಿಗೆ ಬೆಲೆ ಕಟ್ಟಲು ಕಲಿಸಿದ್ದು ಡೇನಿಯಲ್ಸ್. ಅವರನ್ನು ಕೇಬಲ್ ಟಿವಿಯ ಪಿತಾಮಹ ಎಂದು ಕರೆಯುತ್ತಾರೆ, ಆ ಹೆಸರು ಅವರಿಗೆ ಒಪ್ಪುವುದು ಈ ಕಾರಣಕ್ಕೆ ಎಂದು ನನ್ನ ಎಣಿಕೆ. ಅವರ ಕಚೇರಿಯ ಸುತ್ತಲೇ ಉದ್ಯಮ ಬೆಳೆಯಿತು. ಮ್ಯಾಗ್ನೆಸ್ ಅವರ ಕಂಪನಿ ಡೆನ್ವರ್‌ಗೆ ಬಂತು, ಬೇರೆಯವರೂ ಬಂದರು. ಹಾಲಿವುಡ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಟಿವಿ ಜಾಲಗಳಿರುವುದು ನ್ಯೂಯಾರ್ಕ್‌ನಲ್ಲಿ, ಕೇಬಲ್‌ನ ರಾಜಧಾನಿ ಮಾತ್ರ ಬೆಟ್ಟದ ತಪ್ಪಲಿನ ಡೆನ್ವರ್ ಆಗಿತ್ತು.

ಇಲ್ಲಿಯವರೆಗೆ ಗೆದ್ದವರ ಕಥೆ. ನನಗೆ ಅವರು ಹಿಡಿಸಿದ್ದು ಸೋತ ಜಾಗದಲ್ಲಿ.

1970ರಲ್ಲಿ ಡೇನಿಯಲ್ಸ್ ಲಾಸ್ ಏಂಜಲೀಸ್‌ನ ಬಾಸ್ಕೆಟ್‌ಬಾಲ್ ತಂಡವೊಂದನ್ನು ಕೊಂಡು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಸ್ಥಳಾಂತರಿಸಿ ಯೂಟಾ ಸ್ಟಾರ್ಸ್ ಎಂದು ಹೆಸರಿಟ್ಟರು. ಅಲ್ಲಿನ ಮೊದಲ ವರ್ಷವೇ, 1971ರಲ್ಲಿ, ತಂಡ ಎಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಗೆದ್ದಿತು. ಊರು ತಂಡವನ್ನು ತಲೆ ಮೇಲೆ ಹೊತ್ತುಕೊಂಡಿತು. ಮೋಸೆಸ್ ಮಲೋನ್ ಎಂಬ ಹುಡುಗನನ್ನು ಹೈಸ್ಕೂಲಿನಿಂದ ನೇರವಾಗಿ ಕರೆತಂದದ್ದೂ ಇದೇ ತಂಡ, ಮುಂದೆ ಅವನು ಆ ಆಟದ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ಆದರೆ ಲೀಗಿನ ತುಂಬ ನಷ್ಟ. 1974ರಲ್ಲಿ ಡೇನಿಯಲ್ಸ್ ಕೊಲೊರಾಡೊದ ಗವರ್ನರ್ ಆಗಲು ಹೊರಟರು, ಸ್ವಂತ ಪಕ್ಷದ ಒಳಚುನಾವಣೆಯಲ್ಲೇ ಸೋತರು. ಅದೇ ವರ್ಷ ತಂಡವನ್ನು ಮಾರಿದರು. ಕೊಂಡವರು ಕಂತು ಕಟ್ಟಲಿಲ್ಲ, ತಂಡ ಮತ್ತೆ ಇವರ ಕೊರಳಿಗೇ ಬಿತ್ತು. 1975ರ ಡಿಸೆಂಬರ್ ಆರಂಭದಲ್ಲಿ, ಆ ಋತುವಿನ ಹದಿನಾರು ಪಂದ್ಯಗಳನ್ನು ಆಡಿದ ತಂಡ ಮುಚ್ಚಿಹೋಯಿತು.

ಇಡೀ ಋತುವಿಗೆ ಮುಂಗಡ ಹಣ ಕೊಟ್ಟು ಟಿಕೆಟ್ ಕೊಂಡಿದ್ದವರ ಕೈಯಲ್ಲಿ ಉಳಿದದ್ದು ಕಾಗದ. ನಮ್ಮ ಭಾಷೆಯಲ್ಲಿ ಅವರು ಭದ್ರತೆಯಿಲ್ಲದೆ ಸಾಲ ಕೊಟ್ಟವರು, ಎಲ್ಲರ ಪಾಲು ಮುಗಿದು ಏನಾದರೂ ಉಳಿದರೆ ಕೊನೆಗೆ ಕೈಚಾಚಬೇಕಾದವರು. ಕಂಪನಿ ಬೇರೆ, ಮಾಲೀಕ ಬೇರೆ ಎಂದು ಕಾನೂನು ಹೇಳುತ್ತದೆ. ಮುಳುಗಿದ್ದು ಕಂಪನಿ. ಮಾಲೀಕ ತನ್ನ ಜೇಬಿಗೆ ಕೈ ಹಾಕಬೇಕಾದ ಕಟ್ಟುಪಾಡೇ ಇರಲಿಲ್ಲ. ಸುಮಾರು ಐದು ವರ್ಷ ಕಳೆಯಿತು. ಜನ ಮರೆತಿದ್ದರು. ಆಗ ಡೇನಿಯಲ್ಸ್ ಸಾಲ್ಟ್ ಲೇಕ್ ಸಿಟಿಗೆ ಬಂದು ಟಿಕೆಟ್ ಕೊಂಡವರ ಹಣವನ್ನೆಲ್ಲ ವಾಪಸ್ಸು ಕೊಟ್ಟರು. ಶೇಕಡ ಎಂಟರ ಬಡ್ಡಿ ಸೇರಿಸಿ.

ಈ ಬಡ್ಡಿಯ ಮೇಲೆ ನಾನು ಬಹಳ ದಿನ ಯೋಚನೆ ಮಾಡಿದ್ದೇನೆ. ನಕ್ಕರೂ ಪರವಾಗಿಲ್ಲ, ನಿವೃತ್ತಿಯ ಮೇಲೆ ನಮಗೆ ಬೇರೆ ಏನು ಕೆಲಸ? ನೂರು ಡಾಲರ್‌ಗೆ ಐದು ವರ್ಷಕ್ಕೆ ಶೇಕಡ ಎಂಟರ ಹಾಗೆ ಸರಳ ಬಡ್ಡಿಯಾದರೆ ನೂರ ನಲವತ್ತು, ಚಕ್ರಬಡ್ಡಿಯಾದರೆ ನೂರ ನಲವತ್ತೇಳು. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಬೆಲೆಗಳು ಏರಿದ್ದು ಹೇಗೆ? 1976ರಲ್ಲಿ ಶೇಕಡ ಆರರ ಹತ್ತಿರ, 1980ರಲ್ಲಿ ಹದಿಮೂರು ದಾಟಿತ್ತು. ಅಂದರೆ ಡೇನಿಯಲ್ಸ್ ಕೊಟ್ಟ ಬಡ್ಡಿ ಬೆಲೆ ಏರಿಕೆಗೆ ಹತ್ತಿರ ಹತ್ತಿರ ಸರಿಹೋಯಿತು, ಮೇಲೆ ಏನೂ ಉಳಿಯಲಿಲ್ಲ. ಟಿಕೆಟ್ ಕೊಂಡವರಿಗೆ ಅವರು ಉಡುಗೊರೆ ಕೊಡಲಿಲ್ಲ. ಅವರಿಂದ ತೆಗೆದುಕೊಂಡದ್ದರ ಬೆಲೆಯನ್ನೇ ಮರಳಿಸಿದರು. ದೊಡ್ಡ ಮೊತ್ತ ಎಸೆದು ಹೊಗಳಿಸಿಕೊಳ್ಳುವುದು ಸುಲಭವಿತ್ತು. ಅವರು ಲೆಕ್ಕ ಹಾಕಿ ಕೊಟ್ಟರು. ನನಗೆ ಆ ಲೆಕ್ಕದಲ್ಲಿಯೇ ಮರ್ಯಾದೆ ಕಾಣುತ್ತದೆ.

ಯೂಟಾದಲ್ಲಿ ಮುಂದೆ ವ್ಯವಹಾರ ಮಾಡುವ ಉದ್ದೇಶವಿದ್ದಿರಬಹುದು, ಹೆಸರು ತೊಳೆದುಕೊಳ್ಳಲು ಕೊಟ್ಟಿರಬಹುದು ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಹೆಸರು ಉಳಿಸಿಕೊಳ್ಳಲು ಸಾಲ ತೀರಿಸುವವರು ಇನ್ನಷ್ಟು ಜನ ಇದ್ದಿದ್ದರೆ ನಮ್ಮ ವಸೂಲಾಗದ ಸಾಲಗಳ ಪಟ್ಟಿ ಎಷ್ಟು ಚಿಕ್ಕದಿರುತ್ತಿತ್ತು ಎಂಬುದು ಈ ಸಭೆಗೆ ಗೊತ್ತು.

ನಮ್ಮಲ್ಲಿ ಸಾಲ ಎಂಬ ಮಾತೂ ಇದೆ, ಋಣ ಎಂಬ ಮಾತೂ ಇದೆ. ಸಾಲಕ್ಕೆ ಪತ್ರ ಉಂಟು, ಸಾಕ್ಷಿ ಉಂಟು, ವಾಯಿದೆ ಉಂಟು. ಋಣಕ್ಕೆ ಇವೊಂದೂ ಇಲ್ಲ, ಹೊತ್ತವನಿಗೆ ಮಾತ್ರ ಗೊತ್ತು. ಸಾಲ್ಟ್ ಲೇಕ್ ಸಿಟಿಯಲ್ಲಿ ಕಾನೂನಿನ ಪ್ರಕಾರ ಸತ್ತುಹೋಗಿದ್ದ ಸಾಲವನ್ನು ಡೇನಿಯಲ್ಸ್ ಋಣ ಎಂದು ಹೊತ್ತುಕೊಂಡಿದ್ದರು. ಅವರ ಆಮೇಲಿನ ಕೊಡುಗೆಗಳನ್ನು ಈ ಕಣ್ಣಿನಿಂದ ನೋಡಿ. ಒಂದೊಂದರ ಹಿಂದೆಯೂ ಅವರ ಬದುಕಿನ ಒಂದು ಬಾಕಿ ಕಾಣುತ್ತದೆ.

ಕುಡಿತವನ್ನೇ ತೆಗೆದುಕೊಳ್ಳಿ. 1980ರ ದಶಕದ ಮಧ್ಯದಲ್ಲಿ ಅವರು ಕ್ಯಾಲಿಫೋರ್ನಿಯಾದ ಬೆಟ್ಟಿ ಫೋರ್ಡ್ ಕೇಂದ್ರಕ್ಕೆ ಸೇರಿ ಕುಡಿತ ಬಿಟ್ಟರು. ಅದನ್ನು ಮುಚ್ಚಿಡಲಿಲ್ಲ. ಮದ್ಯ ಮತ್ತು ಮಾದಕ ವ್ಯಸನದಿಂದ ಹೊರಬರುವವರಿಗೆ ನೆರವು ಕೊಡುವುದು ಇಂದಿಗೂ ಅವರು ಬಿಟ್ಟುಹೋದ ಡೇನಿಯಲ್ಸ್ ಫಂಡ್ ಎಂಬ ದಾನನಿಧಿಯ ಮುಖ್ಯ ಕೆಲಸಗಳಲ್ಲಿ ಒಂದು. ಸೈನಿಕ ಶಾಲೆ ತಿದ್ದಿದ ಹುಡುಗ ಎಂದೆನಲ್ಲ, ಹಾದಿ ತಪ್ಪಬಹುದಾದ ಹುಡುಗರು, ಶಾಲೆಗಳು, ಎಳೆಯರ ಕ್ರೀಡೆ, ಇವೂ ಆ ಪಟ್ಟಿಯಲ್ಲಿವೆ. ಡೆನ್ವರ್ ವಿಶ್ವವಿದ್ಯಾಲಯದ ವಾಣಿಜ್ಯ ಕಾಲೇಜಿಗೆ ದೊಡ್ಡ ಮೊತ್ತ ಕೊಟ್ಟಾಗ ಅವರು ಒತ್ತಿ ಹೇಳಿದ್ದು ವ್ಯವಹಾರದ ನೀತಿಯನ್ನು ಪಾಠದ ಒಳಗೇ ಸೇರಿಸಿ ಕಲಿಸಬೇಕು ಎಂದು. ಆ ಕಾಲೇಜು ಇಂದು ಅವರ ಹೆಸರಿನಲ್ಲಿದೆ.

ಮಕ್ಕಳ ಬ್ಯಾಂಕಿನ ಕಥೆಯಂತೂ ನಮ್ಮ ಸಭೆಗೇ ಹೇಳಿ ಮಾಡಿಸಿದ್ದು. ಡೆನ್ವರ್‌ನ ಶಾಲೆಯೊಂದರ ಮಕ್ಕಳು ತರಗತಿಯ ಒಂದು ಪುಟ್ಟ ವ್ಯಾಪಾರಕ್ಕೆ ಸಾಲ ಕೇಳಲು ಹೋದರೆ ಯಾವ ಬ್ಯಾಂಕೂ ಕೊಡಲಿಲ್ಲ. ಆ ಸುದ್ದಿ ಡೇನಿಯಲ್ಸ್ ಕಿವಿಗೆ ಬಿತ್ತು. ಬೇರೆ ಶ್ರೀಮಂತರಾಗಿದ್ದರೆ ಮಕ್ಕಳಿಗೆ ಒಂದು ಚೆಕ್ ಬರೆದು, ಫೋಟೊ ತೆಗೆಸಿಕೊಂಡು ಮುಗಿಸುತ್ತಿದ್ದರು. ಇವರು ಬ್ಯಾಂಕನ್ನೇ ತೆರೆಯಲು ಹೊರಟರು. ಮಕ್ಕಳಿಗೆ ಸಾಲ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ, ಹತ್ತು ಡಾಲರಿನ ಖಾತೆಗಳಿಂದ ಬ್ಯಾಂಕಿನ ಖರ್ಚು ಹುಟ್ಟುತ್ತದೆಯೇ? ನಾನು ಅಧಿಕಾರಿಯಾಗಿದ್ದರೆ ಕೇಳುತ್ತಿದ್ದ ಪ್ರಶ್ನೆಗಳು ಇವು. ಖರ್ಚು ಹುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತೇ ಇತ್ತು, ಅದನ್ನು ತಾವೇ ತುಂಬಿದರು. 1987ರ ಆಗಸ್ಟ್‌ನಲ್ಲಿ ಬಾಗಿಲು ತೆರೆಯಿತು. ಮುನ್ನಡೆಸಿದವರು ಲಿಂಡಾ ಚೈಲ್ಡಿಯರ್ಸ್ ಎಂಬ ಮಹಿಳೆ. ಮುಂದೆ ಅವರೇ ಡೇನಿಯಲ್ಸ್ ನಿಧಿಯ ಮುಖ್ಯಸ್ಥೆಯೂ ಆದರು.

ಆ ಬ್ಯಾಂಕಿನ ಜೊತೆಗೆ ಮಕ್ಕಳೇ ನಡೆಸುವ ಒಂದು ಪುಟ್ಟ ಪಟ್ಟಣವೂ ಇದೆ. ನಾಲ್ಕು, ಐದನೇ ತರಗತಿಯ ಮಕ್ಕಳು ಒಂದು ದಿನದ ಮಟ್ಟಿಗೆ ಅಲ್ಲಿ ಮೇಯರ್, ನ್ಯಾಯಾಧೀಶ, ಅಂಗಡಿಯವರು, ಬ್ಯಾಂಕಿನವರು. ಸಂಬಳ ಪಡೆದು, ತೆರಿಗೆ ಕಟ್ಟಿ, ಉಳಿದದ್ದನ್ನು ಖರ್ಚು ಮಾಡಬೇಕು. ನನ್ನ ಮೊಮ್ಮಗಳು ಅಲ್ಲಿಂದ ಬಂದ ದಿನ ಊಟದ ಹೊತ್ತಿನಲ್ಲಿ "ತೆರಿಗೆ ಕಳೆದರೆ ಕೈಗೆ ಏನೂ ಬರುವುದಿಲ್ಲ ಅಜ್ಜ" ಎಂದು ನಿಟ್ಟುಸಿರು ಬಿಟ್ಟಳು. ಮೂವತ್ನಾಲ್ಕು ವರ್ಷದ ನನ್ನ ಅನುಭವವನ್ನು ಅವಳು ಒಂದು ದಿನದಲ್ಲಿ ಮುಗಿಸಿ ಬಂದಿದ್ದಳು.

ಹೊಗಳಿಕೆಯ ನಡುವೆ ಎರಡು ಆಕ್ಷೇಪಗಳನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಊರಿಗೆ ಸಾಮಾನ್ಯವಾಗಿ ಒಂದೇ ಕೇಬಲ್ ಕಂಪನಿ ಇರುತ್ತಿತ್ತು. 1984ರ ಕಾನೂನು ದರಗಳ ಮೇಲಿನ ಹಿಡಿತವನ್ನು ಸಡಿಲಿಸಿದ ಮೇಲೆ ಬಿಲ್‌ಗಳು ಏರತೊಡಗಿದವು. ಜನರ ಕೂಗು ಎಷ್ಟಾಯಿತೆಂದರೆ 1992ರಲ್ಲಿ ಅಧ್ಯಕ್ಷ ಬುಷ್ ಅವರ ತಡೆಯನ್ನೂ ಮೀರಿ ಸಂಸತ್ತು ದರಕ್ಕೆ ಮತ್ತೆ ಕಡಿವಾಣ ಹಾಕಿತು. ದಾನಕ್ಕೆ ಹೋದ ಹಣ ಎಲ್ಲಿಂದ ಬಂತು ಎಂದರೆ, ಬೇರೆ ದಾರಿಯಿಲ್ಲದೆ ಬಿಲ್ ಕಟ್ಟಿದ ಮನೆಗಳಿಂದಲೂ ಬಂತು. ಇದು ಡೇನಿಯಲ್ಸ್ ಒಬ್ಬರ ದೋಷವಲ್ಲ. ಆದರೆ ಆ ಉದ್ಯಮಕ್ಕೆ ಬೆಲೆ ಕಟ್ಟಲು ಕಲಿಸಿದವರು ಅವರೇ ಎಂದ ಮೇಲೆ ಅದರ ಪಾಲೂ ಅವರ ಖಾತೆಗೆ ಬರಬೇಕು.

ಎರಡನೆಯದು ಅವರ ಮನೆ. ಕೇಬಲ್‌ಲ್ಯಾಂಡ್ ಎಂದೇ ಅದರ ಹೆಸರು. 1980ರ ದಶಕದಲ್ಲಿ ಕಟ್ಟಿಸಿದ್ದು, ಸುಮಾರು ಇಪ್ಪತ್ತು ಸಾವಿರ ಚದರ ಅಡಿಯದು, ಗೋಡೆಯ ತುಂಬ ಟಿವಿಗಳು. ಮಕ್ಕಳಿಲ್ಲದ ಮನುಷ್ಯನಿಗೆ ಅಷ್ಟು ದೊಡ್ಡ ಮನೆ ಯಾಕೆ ಎಂದು ಮಗಳನ್ನು ಕೇಳಿದೆ. ಸಹಾಯಾರ್ಥ ಸಮಾರಂಭಗಳಿಗೆ ಎಂದಳು. ಕೊನೆಗೆ ಅದನ್ನು ಡೆನ್ವರ್ ನಗರಕ್ಕೆ, ಮೇಯರ್ ವಾಸಕ್ಕೆಂದು, ದಾನ ಮಾಡಿದರು. ಆಗಿನ ಮೇಯರ್ ವೆಲಿಂಗ್ಟನ್ ವೆಬ್ ಅಲ್ಲಿಗೆ ಹೋಗಲಿಲ್ಲ, ಆಮೇಲಿನವರೂ ಅದನ್ನು ಖಾಯಂ ಮನೆ ಮಾಡಿಕೊಳ್ಳಲಿಲ್ಲ. ಹೆಚ್ಚಾಗಿ ಸಮಾರಂಭಗಳೇ ನಡೆದವು. ಬೇಡದವರಿಗೆ ಕೊಟ್ಟ ದಾನ ಅದೊಂದೇ ಇರಬೇಕು.

2000ದ ಮಾರ್ಚ್ 7ರಂದು ಡೇನಿಯಲ್ಸ್ ತೀರಿಕೊಂಡರು. ಆಸ್ತಿಯ ಬಹುಪಾಲು, ನೂರು ಕೋಟಿ ಡಾಲರಿಗೂ ಹೆಚ್ಚು, ಡೇನಿಯಲ್ಸ್ ಫಂಡ್‌ಗೆ ಹೋಯಿತು. ಅದರ ಹಣ ಹರಿಯುವುದು ನಾಲ್ಕು ರಾಜ್ಯಗಳಿಗೆ: ಕೊಲೊರಾಡೊ, ನ್ಯೂ ಮೆಕ್ಸಿಕೊ, ಯೂಟಾ, ವಯೋಮಿಂಗ್. ಯಾಕೆ ಇವೇ ನಾಲ್ಕು ಎಂದು ಈಗ ನೀವೇ ಹೇಳಬಲ್ಲಿರಿ. ಒಂದು ಹುಟ್ಟಿದ ಊರು, ಒಂದು ತಿದ್ದಿದ ಶಾಲೆ, ಒಂದು ಮೊದಲ ತಂತಿ. ಮತ್ತೊಂದು ಯೂಟಾ, ಸೋತ ತಂಡ, ತೀರಿಸಿದ ಟಿಕೆಟ್. ಬಡ್ಡಿ ಸಮೇತ ತೀರಿಸಿದ ಮೇಲೂ ಅವರು ಯೂಟಾವನ್ನು ಪಟ್ಟಿಯಿಂದ ತೆಗೆದಿರಲಿಲ್ಲ.

ಇಷ್ಟು ಹೇಳಿ ನಾನು ಕುಳಿತ ಮೇಲೆ, ಹಿಂದಿನ ಸಾಲಿನಿಂದ ನಮ್ಮ ಹಳೆಯ ಕ್ಯಾಷಿಯರ್ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: "ಅಲ್ಲಾ ಸಾರ್, ಆ ರೇಡಿಯೊ ರಿಪೇರಿ ಹುಡುಗ ಏನಾದ?"

ಅವನು ಹೆಂಡತಿಯ ಬಳೆ ಒತ್ತೆಯಿಟ್ಟು ಕೇಬಲ್ ಹಾಕಿದ. ಹತ್ತು ಹದಿನೈದು ವರ್ಷ ಚೆನ್ನಾಗಿ ನಡೆಸಿದ. ಸೆಟ್‌ಟಾಪ್ ಬಾಕ್ಸ್ ಬಂದಾಗ ದೊಡ್ಡ ಕಂಪನಿಯ ಕೈಕೆಳಗೆ ಹೋಗಬೇಕಾಯಿತು. ಈಗ ಅವನ ಮಗ ಶಿವಮೊಗ್ಗದಲ್ಲಿ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್ನೆಟ್ ಕೊಡುತ್ತಾನೆ. ನಮ್ಮ ಮನೆಗೂ ಅವನದೇ ಸಂಪರ್ಕ, ಡೆನ್ವರ್‌ನ ಮೊಮ್ಮಗಳ ಜೊತೆ ನಾನು ಮಾತನಾಡುವುದು ಅದರಲ್ಲಿಯೇ. ಹೋದ ವರ್ಷ ಅಪ್ಪನೇ ಒಮ್ಮೆ ಮನೆಗೆ ಬಂದಿದ್ದ. 1992ರ ಅರ್ಜಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಫಿ ಕುಡಿದು ಹೋದ. ಬಿಲ್ ತಿಂಗಳ ಐದನೇ ತಾರೀಕಿಗೆ ಬರುತ್ತದೆ, ನಾನು ಒಂದನೇ ತಾರೀಕಿಗೇ ಕಟ್ಟಿಬಿಡುತ್ತೇನೆ.